ಹೊರಹಾಕಿದ್ದು ಯಾರು? ಸರ್ವರ್‌ನ ಹಠಾತ್ ಲಾಗ್‌ಔಟ್‌ಗಳ ಐವತ್ತು ವರ್ಷ

1971ರ ನವೆಂಬರ್ 3ರ ತಾರೀಖು ಹೊತ್ತ ಯುನಿಕ್ಸ್‌ನ ಮೊಟ್ಟಮೊದಲ ಕೈಪಿಡಿಯಲ್ಲಿ ಡಬ್ಲ್ಯುಟಿಎಂಪಿ ಎಂಬ ಒಂದು ಪುಟ್ಟ ಫೈಲಿನ ವಿವರಣೆ ಇದೆ. ಯಾರು, ಯಾವ ಟೆಲಿಟೈಪ್ ಯಂತ್ರದಿಂದ, ಎಷ್ಟು ಹೊತ್ತಿಗೆ ಒಳಬಂದರು ಎಂದು ಬರೆದಿಡುವ ಹಾಜರಿ ಪುಸ್ತಕ ಅದು. ಹೊರಹೋದದ್ದೂ ಅದರಲ್ಲೇ ದಾಖಲಾಗುತ್ತಿತ್ತು. ಅದಕ್ಕೆ ಕಂಡುಕೊಂಡ ಉಪಾಯ ಸರಳ: ಅದೇ ಯಂತ್ರದ ಗುರುತು ಹಾಕಿ, ಬಳಕೆದಾರನ ಹೆಸರಿನ ಜಾಗವನ್ನು ಖಾಲಿ ಬಿಡುವುದು. ಹೆಸರಿಲ್ಲದ ಸಾಲು ಕಂಡರೆ ಅಲ್ಲಿ ಕೂತಿದ್ದವರು ಎದ್ದು ಹೋದರು ಎಂದರ್ಥ. ಆರಂಭದ ಯುನಿಕ್ಸ್‌ಗಳಲ್ಲಿ ಒಂದೊಂದು ಸಾಲಿಗೆ 16 ಬೈಟ್. ಹೆಸರಿಗೆ ಎಂಟು, ಯಂತ್ರವನ್ನು ಗುರುತಿಸಲು ಒಂದು ಅಕ್ಷರ, ಸಮಯಕ್ಕೆ ನಾಲ್ಕು. ಮಿಕ್ಕಿದ್ದು ಬಳಕೆಯಲ್ಲಿಲ್ಲದ ಜಾಗ. ಅವರು ಎದ್ದುಹೋದರೋ, ಯಾರಾದರೂ ಎಬ್ಬಿಸಿದರೋ, ತಂತಿ ಕಡಿದುಹೋಯಿತೋ ಎಂದು ಬರೆಯುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಇವತ್ತು ಪುಣೆಯಲ್ಲೋ ಹೈದರಾಬಾದಿನಲ್ಲೋ ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ಯಾವುದೋ ಡೇಟಾ ಸೆಂಟರಿನ ಸರ್ವರ್ ನೋಡಿಕೊಳ್ಳುವವರೂ ಅದೇ ಖಾಲಿ ಜಾಗದ ಎದುರು ಕೂರುತ್ತಾರೆ. ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುವ ಕೆಲಸ ಅರ್ಧ ಆಗಿರುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಸರ್ವರ್ ಇಲ್ಲ, ಸ್ವಂತ ಲ್ಯಾಪ್‌ಟಾಪಿನ ಪ್ರಾಂಪ್ಟ್ ಮಿನುಗುತ್ತಿರುತ್ತದೆ. ಮತ್ತೆ ಲಾಗಿನ್ ಆಗುವುದು ದೊಡ್ಡ ಮಾತಲ್ಲ. ಅರ್ಧಕ್ಕೆ ನಿಂತ ಕೆಲಸ ಯಾವ ಹಂತದಲ್ಲಿ ನಿಂತಿತು, ಟೇಬಲ್‌ಗಳು ಯಾವ ಸ್ಥಿತಿಯಲ್ಲಿವೆ, ಇನ್ನೊಮ್ಮೆ ಶುರು ಮಾಡಿದರೆ ಮತ್ತೆ ಹೀಗೇ ಆದರೇನು ಗತಿ ಎಂಬುದು ದೊಡ್ಡ ಮಾತು. ಬೆಳಿಗ್ಗೆ ಮೀಟಿಂಗಿನಲ್ಲಿ ‘ಏನಾಯಿತು?’ ಎಂದು ಕೇಳಿದಾಗ ‘ತಾನಾಗಿಯೇ ಲಾಗ್‌ಔಟ್ ಆಯಿತು’ ಎಂದರೆ ಯಾರೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ, ಏಕೆಂದರೆ ತಾನಾಗಿಯೇ ಆಗುವ ಲಾಗ್‌ಔಟ್ ಎಂಬುದಿಲ್ಲ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಯುನಿಕ್ಸ್‌ನಲ್ಲಿ ಲಾಗ್‌ಔಟ್ ಎಂಬುದೇ ಇಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟಿದ ವ್ಯವಸ್ಥೆಯಲ್ಲಿ ಇನಿಟ್ ಎಂಬ ಮೊದಲ ಪ್ರೊಸೆಸ್ ಒಂದೊಂದು ಟೆಲಿಟೈಪ್‌ಗೂ ಒಂದೊಂದು ಮರಿ ಪ್ರೊಸೆಸ್ ಹುಟ್ಟಿಸುತ್ತಿತ್ತು. ಆ ಮರಿ ಹೆಸರು, ಪಾಸ್‌ವರ್ಡ್ ಕೇಳಿ, ಸರಿಯಿದ್ದರೆ ತಾನೇ ಶೆಲ್ ಆಗಿ ರೂಪ ಬದಲಿಸುತ್ತಿತ್ತು. ಬಳಕೆದಾರ ಕೊಟ್ಟ ಆಜ್ಞೆಗಳನ್ನು ಓದಿ ನಡೆಸುವುದು ಶೆಲ್‌ನ ಕೆಲಸ. ಆ ಶೆಲ್ ಸತ್ತರೆ ಇನಿಟ್‌ಗೆ ಸುದ್ದಿ ಹೋಗುತ್ತದೆ. ಇನಿಟ್ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಸಾಲು ಬರೆದು, ಮತ್ತೊಂದು ಮರಿ ಹುಟ್ಟಿಸಿ, ಯಂತ್ರದ ಮೇಲೆ ಮತ್ತೆ ‘ಲಾಗಿನ್’ ಎಂದು ಮುದ್ರಿಸುತ್ತದೆ. ಲಾಗ್‌ಔಟ್ ಎಂದು ನಾವು ಕರೆಯುವುದು ಶೆಲ್ ಎಂಬ ಒಂದು ಪ್ರೊಸೆಸ್‌ನ ಸಾವನ್ನು, ಅಷ್ಟೆ. ಪ್ರೊಸೆಸ್ ಎಷ್ಟು ರೀತಿಯಲ್ಲಿ ಸಾಯಬಹುದೋ ಅಷ್ಟು ರೀತಿಯ ಲಾಗ್‌ಔಟ್‌ಗಳಿವೆ, ಎಲ್ಲದರ ಶವವೂ ನೋಡಲು ಒಂದೇ ತರ. ಯುನಿಕ್ಸ್‌ನ ಈ ಮಿತವ್ಯಯವನ್ನು ಹೊಗಳಿ ಬರೆದವರು ಬಹಳ ಮಂದಿ. ಅದರ ಬೆಲೆ ತೆತ್ತವರು ರಾತ್ರಿ ಪಾಳಿಯವರು.

ಮೊದಲ ಬಗೆಯ ಸಾವು ಶೆಲ್ ತಾನೇ ಒಪ್ಪಿ ಸಾಯುವುದು. ಯುನಿಕ್ಸ್‌ನ ಕಣ್ಣಿಗೆ ಟರ್ಮಿನಲ್ ಕೂಡ ಒಂದು ಫೈಲ್. ಫೈಲ್ ಮುಗಿದ ಮೇಲೆ ಓದಲು ಏನೂ ಉಳಿಯುವುದಿಲ್ಲ, ಶೆಲ್ ಕೆಲಸ ಮುಗಿಸಿ ಹೊರಡುತ್ತದೆ. ಟರ್ಮಿನಲ್ ಎಂಬ ಫೈಲ್ ಮುಗಿಯಿತು ಎಂದು ಹೇಳುವ ಕೀಲಿ ಕಂಟ್ರೋಲ್-ಡಿ. ಆಸ್ಕಿ ಪಟ್ಟಿಯಲ್ಲಿ ಅದು 4ನೇ ಸಂಕೇತ, ಅರ್ಥ ‘ಸಂದೇಶ ರವಾನೆ ಮುಗಿಯಿತು’. ಈ ಸಂಕೇತ ಕಂಡೊಡನೆ ತಾವೇ ಲೈನ್ ಕಡಿದುಕೊಳ್ಳುವ ಯಂತ್ರಗಳು ಆಗ ಇದ್ದವು. ಹಾಗಾಗಿ ಬೇರೆ ಅಕ್ಷರಗಳಂತೆ ಇದನ್ನು ಟರ್ಮಿನಲ್‌ಗೆ ಮರಳಿ ಕಳಿಸಿ ಮುದ್ರಿಸುವುದಿಲ್ಲ ಎಂದು ಯುನಿಕ್ಸ್ ಕೈಪಿಡಿಯೇ ವಿವರಿಸುತ್ತದೆ. ಆ ಯಂತ್ರಗಳು ಮ್ಯೂಸಿಯಂ ಸೇರಿದರೂ ಕೀಲಿ ಉಳಿಯಿತು. ಮೇಲ್ ಬರೆದು ಮುಗಿಸಲು ಒತ್ತಿದ ಕಂಟ್ರೋಲ್-ಡಿಯನ್ನು ಅಭ್ಯಾಸಬಲದಿಂದ ಇನ್ನೊಮ್ಮೆ ಒತ್ತಿದರೆ ಸೀದಾ ಹೊರಗೆ. ಬರ್ಕ್ಲಿಯಲ್ಲಿ ಬಿಲ್ ಜಾಯ್ 1970ರ ದಶಕದ ಕೊನೆಯಲ್ಲಿ ಬರೆದ ಸಿ-ಶೆಲ್‌ನಲ್ಲಿ ಇದಕ್ಕೊಂದು ಕಡಿವಾಣ ಬಂತು. ‘ಇಗ್ನೋರ್-ಇಒಎಫ್’ ಎಂಬ ಆಯ್ಕೆ ಹಾಕಿಕೊಂಡರೆ, ಕಂಟ್ರೋಲ್-ಡಿ ಒತ್ತಿದಾಗ ಶೆಲ್ ಸಾಯುವ ಬದಲು, ಹೊರಹೋಗಬೇಕಿದ್ದರೆ ‘ಲಾಗ್‌ಔಟ್’ ಎಂದೇ ಟೈಪ್ ಮಾಡಿ ಎಂದು ತಿಳಿಸುತ್ತದೆ.

ಇದೇ ಜಾತಿಯ ಇನ್ನೊಂದು ಸಾವು ಹೆಚ್ಚು ತಲೆ ತಿನ್ನುವಂಥದ್ದು. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಬಂದ ಸ್ಟೀವ್ ಬೋರ್ನ್ ಅವರ ಶೆಲ್‌ನಲ್ಲಿ ‘ಸೆಟ್ ಮೈನಸ್ ಇ’ ಎಂಬ ಸೌಲಭ್ಯವಿತ್ತು. ಯಾವುದಾದರೂ ಆಜ್ಞೆ ವಿಫಲವಾದ ಕೂಡಲೇ ಶೆಲ್ ಅಲ್ಲೇ ನಿಲ್ಲಬೇಕು ಎಂಬುದು ಅದರ ಅರ್ಥ. ಸ್ಕ್ರಿಪ್ಟ್‌ಗಳಿಗೆ ಇದು ಒಳ್ಳೆಯದೇ. ಆದರೆ ಯಾರೋ ಆ ಸಾಲನ್ನು ಲಾಗಿನ್ ಆದಾಗ ಓದಿಕೊಳ್ಳುವ ಪ್ರೊಫೈಲ್ ಫೈಲಿನಲ್ಲಿ ಹಾಕಿದರೆ, ಅಥವಾ ಆ ಸಾಲಿರುವ ಸ್ಕ್ರಿಪ್ಟನ್ನು ಬೇರೆ ಶೆಲ್‌ನಲ್ಲಿ ಓಡಿಸದೆ ‘ಸೋರ್ಸ್’ ಮಾಡಿ ತಮ್ಮ ಶೆಲ್‌ನೊಳಕ್ಕೇ ಎಳೆದುಕೊಂಡರೆ, ಅಲ್ಲಿಂದ ಮುಂದೆ ಒಂದು ಕಾಗುಣಿತದ ತಪ್ಪಿಗೂ ಮರಣದಂಡನೆ. ಗ್ರೆಪ್‌ನಲ್ಲಿ ಹುಡುಕಿದ ಪದ ಸಿಗದಿದ್ದರೂ ಅದು ವಿಫಲ ಆಜ್ಞೆಯೇ, ಹೊರಗೆ. ಒಂದೊಂದು ಸಲ ಹತ್ತು ನಿಮಿಷ ಉಳಿಯುತ್ತದೆ, ಒಂದೊಂದು ಸಲ ಮೊದಲ ಆಜ್ಞೆಗೇ ಹೋಗುತ್ತದೆ. ನೆಟ್‌ವರ್ಕ್ ತಂಡದವರ ಮೇಲೆ ದೂರು ದಾಖಲಾಗುತ್ತದೆ. ಅವರ ತಪ್ಪು ಏನೂ ಇರುವುದಿಲ್ಲ.

ಎರಡನೇ ಬಗೆಯ ಸಾವಿಗೆ ಹುಟ್ಟೂರು ಟೆಲಿಫೋನ್. 1970ರ ದಶಕದಲ್ಲಿ ಮನೆಯಿಂದಲೋ ಬೇರೆ ಕಟ್ಟಡದಿಂದಲೋ ಯುನಿಕ್ಸ್ ಬಳಸುವವರು ಮೋಡೆಮ್ ಮೂಲಕ ಫೋನ್ ಮಾಡಿಯೇ ಒಳಬರಬೇಕಿತ್ತು. ಮಧ್ಯೆ ಫೋನ್ ಕಡಿದರೆ ಏನು ಮಾಡುವುದು? ಏನೂ ಮಾಡದೆ ಬಿಟ್ಟರೆ ಶೆಲ್ ಹಾಗೆಯೇ ಕಾಯುತ್ತ ಕೂತಿರುತ್ತದೆ, ಅದೇ ಲೈನಿಗೆ ಮುಂದೆ ಫೋನ್ ಮಾಡಿದವರು ಪಾಸ್‌ವರ್ಡಿನ ಹಂಗಿಲ್ಲದೆ ಹಿಂದಿನವರ ಫೈಲ್‌ಗಳ ನಡುವೆ ಬಂದು ನಿಲ್ಲುತ್ತಾರೆ. ಹಾಗಾಗಿ ಮೋಡೆಮ್‌ನ ಕ್ಯಾರಿಯರ್ ಧ್ವನಿ ನಿಂತ ತಕ್ಷಣ ಆ ಟರ್ಮಿನಲ್‌ಗೆ ಸೇರಿದ ಪ್ರೊಸೆಸ್‌ಗಳಿಗೆಲ್ಲ ಕರ್ನೆಲ್ ಒಂದು ಸಿಗ್ನಲ್ ಕಳಿಸುತ್ತದೆ. ಅದು 1ನೇ ನಂಬರಿನ ಸಿಗ್ನಲ್, ಹೆಸರು ಹ್ಯಾಂಗಪ್. ಅಂದರೆ ಫೋನ್ ಇಟ್ಟಾಯಿತು. ಬೇರೆ ವ್ಯವಸ್ಥೆ ಮಾಡಿಕೊಳ್ಳದ ಪ್ರೋಗ್ರಾಂ ಈ ಸಿಗ್ನಲ್ ತಾಗಿದರೆ ಸಾಯಬೇಕು. ಕೆಲಸ ಕಳೆದುಕೊಂಡವರಿಗೆ ಇದು ಕ್ರೌರ್ಯವಾಗಿ ಕಂಡರೂ, ಹೊರಹಾಕುವಿಕೆ ಹುಟ್ಟಿದ್ದು ಅವರದೇ ರಕ್ಷಣೆಗೆ ಎಂಬುದನ್ನು ಒಪ್ಪಬೇಕು.

ಕೆಲಸ ಕಳೆಯದ ಹಾಗೆ ನೋಡಿಕೊಳ್ಳಲು ಯತ್ನಿಸಿದವರೂ ಅದೇ ಕಾಲದಲ್ಲಿದ್ದರು. ಬಿಲ್ ಜಾಯ್ ಮನೆಯಿಂದ ಸೆಕೆಂಡಿಗೆ 300 ಬಿಟ್ ವೇಗದ ಮೋಡೆಮ್‌ನಲ್ಲಿ ಕೆಲಸ ಮಾಡುತ್ತ ವಿಐ ಎಡಿಟರ್ ಬರೆದವರು. ಫೋನ್ ಕಡಿಯುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹ್ಯಾಂಗಪ್ ಸಿಗ್ನಲ್ ಬಂದರೆ ವಿಐ ಸಾಯುವ ಮುಂಚೆ ತಿದ್ದುತ್ತಿದ್ದ ಬರಹವನ್ನು ಒಂದೆಡೆ ಬಚ್ಚಿಟ್ಟು, ಅದನ್ನು ಹೇಗೆ ಮರಳಿ ಪಡೆಯಬೇಕು ಎಂದು ಬಳಕೆದಾರನಿಗೆ ಮೇಲ್ ಬರುವ ಹಾಗೆ ಮಾಡುತ್ತಿತ್ತು. ಉಳಿದ ಪ್ರೋಗ್ರಾಂಗಳಿಗೆ ‘ನೋಹಪ್’ ಎಂಬ ಆಜ್ಞೆ ಬಂತು: ಫೋನ್ ಇಟ್ಟರೂ ನೀನು ಕೆಲಸ ಮುಂದುವರಿಸು, ಮುದ್ರಿಸಬೇಕಾದ್ದನ್ನು ಫೈಲಿಗೆ ಬರೆ. ಇಂದಿಗೂ ಅದು ದಿನನಿತ್ಯದ ಬಳಕೆಯಲ್ಲಿದೆ. ಹೆಸರಿನೊಳಗೆ ಫೋನ್ ಇದೆ ಎಂಬುದನ್ನು ಮಾತ್ರ ಬಳಸುವವರು ಮರೆತಿದ್ದಾರೆ.

ಫೋನ್ ಹೋಗಿ ನೆಟ್‌ವರ್ಕ್ ಬಂದ ಮೇಲೂ ಸಿಗ್ನಲ್ ಬದಲಾಗಲಿಲ್ಲ. ಫಿನ್‌ಲೆಂಡಿನ ತಾತು ಯ್ಲೋನೆನ್ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕಳ್ಳತನವಾದ ನಂತರ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಅದರ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ ಹೊರತಂದಿತು. ಎಸ್‌ಎಸ್‌ಎಚ್‌ನಲ್ಲಿ ಸಂಪರ್ಕ ಮುರಿದಾಗ ಸರ್ವರ್ ಬದಿಯ ಪ್ರೋಗ್ರಾಂ ತನ್ನ ಕೈಯಲ್ಲಿದ್ದ ನಕಲಿ ಟರ್ಮಿನಲನ್ನು ಮುಚ್ಚುತ್ತದೆ. ಕರ್ನೆಲ್ ಅದನ್ನು ಫೋನ್ ಇಟ್ಟಂತೆಯೇ ಭಾವಿಸಿ 1ನೇ ಸಿಗ್ನಲ್ ಕಳಿಸುತ್ತದೆ. ಇಲ್ಲೇ ಒಂದು ಹಳೆಯ ಗೊಂದಲಕ್ಕೆ ಉತ್ತರವಿದೆ. ‘ನಿನ್ನೆ ಹಿನ್ನೆಲೆಯಲ್ಲಿ ಓಡಲು ಬಿಟ್ಟ ಕೆಲಸ ಲಾಗ್‌ಔಟ್ ಆದ ಮೇಲೂ ನಡೆದಿತ್ತು, ಇವತ್ತು ಸತ್ತಿದೆ, ಯಾಕೆ?’ ಬ್ಯಾಶ್ ಶೆಲ್‌ನಲ್ಲಿ ‘ಎಕ್ಸಿಟ್’ ಎಂದು ಟೈಪ್ ಮಾಡಿ ಹೊರಬಂದರೆ ಹಿನ್ನೆಲೆಯ ಕೆಲಸಗಳನ್ನು ಅದು ಮುಟ್ಟುವುದಿಲ್ಲ. ಸಂಪರ್ಕ ಮುರಿದು ಶೆಲ್‌ಗೇ ಹ್ಯಾಂಗಪ್ ಬಂದರೆ ಸಾಯುವ ಮುಂಚೆ ಅದನ್ನು ತನ್ನ ಎಲ್ಲ ಕೆಲಸಗಳಿಗೂ ಹಂಚಿ ಹೋಗುತ್ತದೆ. ಬಾಗಿಲು ಹಾಕಿಕೊಂಡು ಹೋದವರ ಮನೆಗೂ ಕುಸಿದುಬಿದ್ದ ಮನೆಗೂ ಇರುವ ವ್ಯತ್ಯಾಸ.

ಮೂರನೇ ಬಗೆಯದು ಗಡಿಯಾರ ಕೊಲ್ಲುವ ಸಾವು. ಸಿ-ಶೆಲ್‌ನ ಸುಧಾರಿತ ರೂಪವಾದ ಟಿಸಿ-ಶೆಲ್‌ನಲ್ಲಿ ‘ಆಟೊಲಾಗ್‌ಔಟ್’ ಎಂಬ ಚರಾಂಶವಿದೆ. ಕಾರ್ನ್ ಶೆಲ್ ಮತ್ತು ಬ್ಯಾಶ್‌ಗಳಲ್ಲಿ ಅದೇ ಕೆಲಸಕ್ಕೆ ‘ಟಿಎಂಔಟ್’. ಇಷ್ಟು ಸೆಕೆಂಡ್ ಯಾರೂ ಏನೂ ಟೈಪ್ ಮಾಡದಿದ್ದರೆ ಶೆಲ್ ಸಾಯಬೇಕು. ಎದ್ದುಹೋದವರ ಕುರ್ಚಿಯಲ್ಲಿ ಇನ್ನೊಬ್ಬರು ಬಂದು ಕೂರಬಾರದು ಎಂಬುದು ಇದರ ಹಿಂದಿನ ಆಲೋಚನೆ. ಮೊದಮೊದಲು ಆಯಾ ಅಡ್ಮಿನ್‌ನ ವಿವೇಚನೆಗೆ ಬಿಟ್ಟ ವಿಷಯವಾಗಿದ್ದದ್ದು, 2000ದ ದಶಕದಲ್ಲಿ ಕಾನೂನಿನ ಭಾಷೆಗೆ ಬಂತು. 2003ರಲ್ಲಿ ಪ್ರಕಟವಾದ ಅಮೆರಿಕದ ಆರೋಗ್ಯ ದಾಖಲೆಗಳ ಭದ್ರತಾ ನಿಯಮ ‘ತಾನಾಗಿ ಲಾಗ್‌ಆಫ್’ ಆಗುವ ವ್ಯವಸ್ಥೆಯನ್ನು ಹೆಸರಿಸಿ ಹೇಳುತ್ತದೆ. ಕ್ರೆಡಿಟ್ ಕಾರ್ಡ್ ಕಂಪನಿಗಳು ಸೇರಿ ರೂಪಿಸಿದ ಪಿಸಿಐ ನಿಯಮಾವಳಿಯ ಪ್ರಕಾರ 15 ನಿಮಿಷ ಸುಮ್ಮನಿದ್ದವರು ಮತ್ತೆ ಪಾಸ್‌ವರ್ಡ್ ಕೊಡಲೇಬೇಕು. ಆಡಿಟ್‌ಗೆ ಬಂದವರು ಪಟ್ಟಿ ಹಿಡಿದು ಕೇಳತೊಡಗಿದ ಮೇಲೆ, ಟಿಎಂಔಟ್‌ಗೆ 900 ಎಂಬ ಬೆಲೆ ಕೊಟ್ಟು, ಯಾರೂ ಬದಲಿಸದಂತೆ ಬೀಗ ಹಾಕಿ, ಸರ್ವರ್‌ನ ಸಾರ್ವತ್ರಿಕ ಪ್ರೊಫೈಲ್‌ನಲ್ಲಿ ಇಡುವುದು ವಾಡಿಕೆಯಾಯಿತು. ಬ್ಯಾಂಕು, ಆಸ್ಪತ್ರೆಗಳ ಸರ್ವರ್ ನಿರ್ವಹಣೆ ಭಾರತದ ಊರುಗಳಿಗೆ ಬಂದಾಗ ಆ 900 ಸೆಕೆಂಡೂ ಜೊತೆಗೇ ಬಂತು.

ಈ ಗಡಿಯಾರದ ಕೆಲಸ ಮಾತ್ರ ಎಡವಟ್ಟು. ಟಿಎಂಔಟ್ ಎಣಿಸುವುದು ಶೆಲ್ ಪ್ರಾಂಪ್ಟ್ ತೋರಿಸಿ ಕಾಯುತ್ತಿರುವ ಹೊತ್ತನ್ನು ಮಾತ್ರ. ಮುಂದಿನ ಆಜ್ಞೆ ಸರಿಯೇ ಎಂದು ದಾಖಲೆ ಓದುತ್ತ ಜಾಗರೂಕತೆಯಿಂದ ಕೂತ ಅಡ್ಮಿನ್ ಹೊರಬೀಳುತ್ತಾನೆ. ರೂಟ್ ಅಧಿಕಾರದಲ್ಲಿ ಎಡಿಟರ್ ತೆರೆದಿಟ್ಟು ಊಟಕ್ಕೆ ಹೋದವನ ಪರದೆ ಮಧ್ಯಾಹ್ನವಿಡೀ ಹಾಗೇ ಇರುತ್ತದೆ, ಏಕೆಂದರೆ ಎಡಿಟರ್ ಓಡುತ್ತಿರುವಾಗ ಶೆಲ್ ಪ್ರಾಂಪ್ಟ್‌ನಲ್ಲಿಲ್ಲ. ಇದನ್ನು ಅರಿತವರು ‘ಟಾಪ್’ ಆಜ್ಞೆ ಓಡಿಸಿಟ್ಟು ಎದ್ದುಹೋಗುವುದನ್ನು ರೂಢಿ ಮಾಡಿಕೊಂಡರು. ನಿಯಮ ಪಾಲನೆಯಾಯಿತು, ಕುರ್ಚಿ ಖಾಲಿಯೇ ಉಳಿಯಿತು. ಒಂದು ಮೆಚ್ಚತಕ್ಕ ಗುಣ ಈ ಸಾವಿಗಿದೆ: ಕಾರಣ ಹೇಳಿ ಸಾಯುತ್ತದೆ. ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಇನ್‌ಪುಟ್: ಆಟೊ-ಲಾಗ್‌ಔಟ್’ ಎಂಬ ಸಾಲು ಬ್ಯಾಶ್ ಮುದ್ರಿಸಿಯೇ ಹೋಗುತ್ತದೆ. ಕಿಟಕಿ ಆ ಕೂಡಲೇ ಮುಚ್ಚಿಕೊಳ್ಳುವ ಹಾಗೆ ಟರ್ಮಿನಲ್ ಪ್ರೋಗ್ರಾಂ ಹೊಂದಿಸಿಟ್ಟವರಿಗೆ ಅದೂ ಕಾಣುವುದಿಲ್ಲ.

ಇದೇ ಉದ್ದೇಶಕ್ಕೆ ಎಸ್‌ಎಸ್‌ಎಚ್ ಸರ್ವರ್‌ನ ಒಂದು ಸೆಟ್ಟಿಂಗನ್ನೂ ಬಳಸಲಾಗುತ್ತಿತ್ತು, ಅದು ಬೇರೆ ಕೆಲಸಕ್ಕೆ ಇದ್ದದ್ದು. ಆಚೆ ಬದಿಯವರು ಬದುಕಿದ್ದಾರೆಯೇ ಎಂದು ಆಗಾಗ ವಿಚಾರಿಸಿ, ಎಷ್ಟು ಸಲ ಉತ್ತರ ಬರದಿದ್ದರೆ ಸಂಪರ್ಕ ಕಡಿಯಬೇಕು ಎಂದು ಹೇಳುವ ಸಂಖ್ಯೆ ಅದು. ಸೊನ್ನೆ ಕೊಟ್ಟರೆ ಮೊದಲ ವಿಚಾರಣೆಗೇ, ಉತ್ತರಕ್ಕೂ ಕಾಯದೆ ಕಡಿಯುತ್ತಿತ್ತು. ಭದ್ರತಾ ಮಾರ್ಗದರ್ಶಿಗಳು ಈ ಅಡ್ಡಪರಿಣಾಮವನ್ನೇ ಶಿಫಾರಸು ಮಾಡಿದವು. 2020ರ ಫೆಬ್ರವರಿಯಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಲ್ಲಿ ಸೊನ್ನೆಯ ಅರ್ಥವನ್ನು ತಲೆಕೆಳಗು ಮಾಡಲಾಯಿತು. ಈಗ ಸೊನ್ನೆ ಎಂದರೆ ಎಂದೂ ಕಡಿಯಬೇಡ ಎಂದು. ಒಂದೇ ಸಾಲು ಹಳೆಯ ಸರ್ವರ್‌ನಲ್ಲಿ ಹೊರದಬ್ಬುತ್ತದೆ, ಹೊಸದರಲ್ಲಿ ಉಳಿಸಿಕೊಳ್ಳುತ್ತದೆ.

ನಾಲ್ಕನೆಯ ಸಾವಿನಲ್ಲಿ ಕೊಲ್ಲುವವರು ಮನೆಯವರಲ್ಲ, ದಾರಿಯವರು. ಟಿಸಿಪಿ ಸಂಪರ್ಕ ಎಂದರೆ ಎರಡು ತುದಿಗಳ ನಡುವಿನ ಒಪ್ಪಂದ ಮಾತ್ರ. ಯಾರೂ ಏನೂ ಮಾತಾಡದಿದ್ದರೆ ದಿನಗಟ್ಟಲೆ ಹಾಗೇ ಇರಬಹುದು. ಆಚೆಯವರು ಇದ್ದಾರೆಯೇ ಎಂದು ಮಧ್ಯೆ ಮಧ್ಯೆ ತಟ್ಟಿ ನೋಡುವ ‘ಕೀಪ್‌ಅಲೈವ್’ ಬೇಕೇ ಎಂಬುದು ದೊಡ್ಡ ಚರ್ಚೆಯಾಗಿತ್ತು. 1989ರ ಅಕ್ಟೋಬರಿನ ಆರ್‌ಎಫ್‌ಸಿ 1122 ಅದಕ್ಕೆ ಅರೆಮನಸ್ಸಿನ ಒಪ್ಪಿಗೆ ಕೊಟ್ಟಿತು. ತಟ್ಟುವುದು ಕೇಳಿದವರಿಗೆ ಮಾತ್ರ ಇರಬೇಕು, ಅದೂ ಎರಡು ಗಂಟೆಗಿಂತ ಮುಂಚೆ ತಟ್ಟುವುದು ಸಹಜ ಸ್ಥಿತಿಯಾಗಬಾರದು. ಪ್ಯಾಕೆಟ್ ಲೆಕ್ಕದಲ್ಲಿ ಹಣ ತೆರುವ ಜಾಲಗಳಿದ್ದವು; ಕ್ಷಣಿಕ ತೊಂದರೆಗೆ ಒಳ್ಳೆಯ ಸಂಪರ್ಕ ಕಡಿದುಹೋಗಬಾರದೆಂಬ ಕಾಳಜಿಯೂ ಇತ್ತು.

ಐದು ವರ್ಷದಲ್ಲಿ ದಾರಿ ಬದಲಾಯಿತು. ಐಪಿ ವಿಳಾಸಗಳು ಸಾಲದಾಗಿ, ಅನೇಕ ಕಂಪ್ಯೂಟರ್‌ಗಳು ಒಂದೇ ವಿಳಾಸ ಹಂಚಿಕೊಳ್ಳುವ ನ್ಯಾಟ್ ತಂತ್ರ 1994ರಲ್ಲಿ ಆರ್‌ಎಫ್‌ಸಿ ರೂಪದಲ್ಲಿ ಬಂತು. ನ್ಯಾಟ್ ಪೆಟ್ಟಿಗೆ ಪ್ರತಿ ಸಂಪರ್ಕವನ್ನೂ ತನ್ನ ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳಬೇಕು. ಪಟ್ಟಿಯಲ್ಲಿ ಜಾಗ ಮಿತ. ಸುಮ್ಮನಿರುವ ಸಂಪರ್ಕವನ್ನು ಅದು ಮರೆಯುತ್ತದೆ, ಮರೆತೆ ಎಂದು ಯಾರಿಗೂ ಹೇಳುವುದಿಲ್ಲ. 2008ರ ಆರ್‌ಎಫ್‌ಸಿ 5382, ನೆಲೆಗೊಂಡ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮುಂಚೆ ಮರೆಯಕೂಡದು ಎಂದು ತಾಕೀತು ಮಾಡಿತು. ಆ ವಿಚಿತ್ರ ಲೆಕ್ಕದಲ್ಲಿರುವ 2 ಗಂಟೆ 1989ರ ಆ ಎರಡು ಗಂಟೆಯೇ. ವಾಸ್ತವದಲ್ಲಿ ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಮರೆಯುತ್ತದೆ. ಮೈಕ್ರೋಸಾಫ್ಟ್ ಅಜೂರ್‌ನ ಲೋಡ್ ಬ್ಯಾಲೆನ್ಸರ್‌ನ ಮೂಲ ಹೊಂದಾಣಿಕೆ 4 ನಿಮಿಷ. ಮನೆಯ ರೂಟರ್, ಸೇವಾದಾರರ ನ್ಯಾಟ್, ಕಂಪನಿಯ ವಿಪಿಎನ್, ಫೈರ್‌ವಾಲ್, ಜಂಪ್ ಸರ್ವರ್ ಹೀಗೆ ಸಾಲಾಗಿ ನಿಂತ ಪೆಟ್ಟಿಗೆಗಳಲ್ಲಿ ಒಂದೊಂದಕ್ಕೂ ಒಂದೊಂದು ಗಡಿಯಾರ. ಎಲ್ಲಕ್ಕಿಂತ ಅವಸರದ್ದು ಗೆಲ್ಲುತ್ತದೆ.

ಈ ಸಾವಿನಲ್ಲಿ ದಾಖಲೆಯೂ ದಾರಿ ತಪ್ಪಿಸುತ್ತದೆ. ಲ್ಯಾಪ್‌ಟಾಪ್ ಬದಿಯಲ್ಲಿ ಸಂಪರ್ಕ ಹೋದದ್ದು ಸರ್ವರ್‌ಗೆ ಗೊತ್ತೇ ಆಗಿರುವುದಿಲ್ಲ. ಅಲ್ಲಿ ಶೆಲ್ ದೆವ್ವದಂತೆ ಕಾಯುತ್ತಿರುತ್ತದೆ. ಲಿನಕ್ಸ್‌ನ ಮೂಲ ಹೊಂದಾಣಿಕೆಯಲ್ಲಿ 7200 ಸೆಕೆಂಡ್ ಕಳೆದ ಮೇಲೆ ಸರ್ವರ್ ಮೊದಲ ಬಾರಿ ತಟ್ಟುತ್ತದೆ, ಆಮೇಲೆ 75 ಸೆಕೆಂಡಿಗೊಮ್ಮೆಯಂತೆ ಒಟ್ಟು ಒಂಬತ್ತು ಸಲ. ಉತ್ತರವಿಲ್ಲದಿದ್ದರೆ ಕೈಬಿಡುತ್ತದೆ. ಅಂದರೆ ರಾತ್ರಿ ಹನ್ನೊಂದಕ್ಕೆ ಹೊರಬಿದ್ದವರ ಲಾಗ್‌ಔಟ್ ಪುಸ್ತಕದಲ್ಲಿ ಒಂದು ಗಂಟೆ ದಾಟಿದ ಮೇಲೆ ಬರೆಯಲ್ಪಡಬಹುದು. ಆ ಹೊತ್ತಿನ ಲಾಗ್‌ಗಳನ್ನೆಲ್ಲ ಜಾಲಾಡಿದರೂ ಅಪರಾಧಿ ಸಿಗುವುದಿಲ್ಲ. ಪರಿಹಾರ ಚಿಕ್ಕದು: ಎಸ್‌ಎಸ್‌ಎಚ್‌ನ ಕ್ಲೈಂಟ್ ಬದಿಯಲ್ಲಿ ‘ಸರ್ವರ್‌ಅಲೈವ್‌ಇಂಟರ್ವಲ್’ 60 ಎಂದು ಬರೆದರೆ, ನಿಮಿಷಕ್ಕೊಮ್ಮೆ ಒಂದು ಚಿಕ್ಕ ಮಾತು ಹೋಗಿಬಂದು ದಾರಿಯ ಪೆಟ್ಟಿಗೆಗಳಿಗೆಲ್ಲ ನೆನಪು ಮಾಡಿಕೊಡುತ್ತಿರುತ್ತದೆ. ಟಿಎಂಔಟ್‌ನಿಂದ ಸಾಯುವ ಶೆಲ್‌ಗೆ ಇದರಿಂದ ಕಿಂಚಿತ್ತೂ ಉಪಯೋಗವಿಲ್ಲ, ಏಕೆಂದರೆ ಅದು ಕಾಯುವುದು ಪ್ಯಾಕೆಟ್‌ಗಲ್ಲ, ಬೆರಳಿಗೆ. ಕಾರಣ ಹುಡುಕದೆ ಪರಿಹಾರ ಹಚ್ಚುವವರು ಹೆಚ್ಚಾಗಿ ಇಲ್ಲೇ ಸೋಲುತ್ತಾರೆ.

ಹೊರಬಿದ್ದರೂ ಕೆಲಸ ಉಳಿಯಬೇಕು ಎಂದು ಕಟ್ಟಿದ ಪ್ರೋಗ್ರಾಂಗಳ ಸಾಲು ಪ್ರತ್ಯೇಕವಾಗಿಯೇ ಇದೆ. 1987ರ ‘ಸ್ಕ್ರೀನ್’, 2007ರ ‘ಟಿಮಕ್ಸ್’ ಇವೆರಡೂ ಶೆಲ್‌ಗೂ ಸಂಪರ್ಕಕ್ಕೂ ನಡುವೆ ಕೂತು, ಹ್ಯಾಂಗಪ್ ಬಂದರೆ ಶೆಲ್‌ಗೆ ತಲುಪದಂತೆ ತಡೆಯುತ್ತವೆ. ಈ ನಂಬಿಕೆಯನ್ನು 2016ರ ಮೇ ತಿಂಗಳು ಅಲುಗಾಡಿಸಿತು. ಹಳೆಯ ಇನಿಟ್‌ನ ಜಾಗಕ್ಕೆ ಬಂದ ಸಿಸ್ಟಂಡಿ ತನ್ನ 230ನೇ ಆವೃತ್ತಿಯಲ್ಲಿ, ಬಳಕೆದಾರ ಲಾಗ್‌ಔಟ್ ಆದೊಡನೆ ಅವನ ಪ್ರೊಸೆಸ್‌ಗಳನ್ನೆಲ್ಲ ಗುಡಿಸಿಹಾಕುವುದನ್ನು ಸಹಜ ಸ್ಥಿತಿಯಾಗಿ ಮಾಡಿತು. ಟಿಮಕ್ಸ್ ಕೂಡ ಕಸದ ಬುಟ್ಟಿಗೆ. ಡೆಸ್ಕ್‌ಟಾಪ್‌ಗಳಲ್ಲಿ ಲಾಗ್‌ಔಟ್ ಆದ ಮೇಲೂ ಅಲೆಯುವ ಪ್ರೊಸೆಸ್‌ಗಳ ಕಾಟ ನಿಜವಾದದ್ದೇ, ಆದರೆ ಮೂರು ದಶಕದ ನಂಬಿಕೆಯನ್ನು ಒಂದು ಮೂಲ ಹೊಂದಾಣಿಕೆಯಿಂದ ಮುರಿಯುವುದು ಒರಟುತನವೇ ಸರಿ. ಡೆಬಿಯನ್ ತನ್ನಲ್ಲಿ ಅದನ್ನು ‘ಇಲ್ಲ’ ಎಂದು ತಿರುಗಿಸಿಟ್ಟಿತು.

ಇಷ್ಟೆಲ್ಲ ಬಗೆಗಳ ನಡುವೆ ಯಾವುದು ಎಂದು ತಿಳಿಯಲು ಇಂದು ಇರುವ ಅತ್ಯಂತ ನೇರ ದಾರಿ, ಸಾಯುವ ಶೆಲ್‌ನ ಪಕ್ಕದಲ್ಲಿ ಕೂತು ನೋಡುವುದು. ಇನ್ನೊಂದು ಲಾಗಿನ್‌ನಿಂದ, ಆ ಶೆಲ್‌ನ ಪ್ರೊಸೆಸ್ ನಂಬರಿಗೆ ‘ಎಸ್‌ಟ್ರೇಸ್’ ಅಂಟಿಸಿಟ್ಟು, ಅದರ ಹೊರಹರಿವನ್ನು ಫೈಲಿಗೆ ಬರೆಸುತ್ತ ಕಾಯಬೇಕು. ಕೊನೆಯ ಕೆಲವು ಸಾಲು ಸಾಕು. ಓದಲು ಹೋಗಿ ಸೊನ್ನೆ ಬೈಟ್ ಸಿಕ್ಕಿದ್ದರೆ ಕಂಟ್ರೋಲ್-ಡಿ ಕುಟುಂಬದ್ದು. ಹ್ಯಾಂಗಪ್ ಸಿಗ್ನಲ್ ಕಂಡರೆ ಸಂಪರ್ಕ ಹೋದದ್ದು, ಮುಂದಿನ ತನಿಖೆ ದಾರಿಯಲ್ಲಿ. ಅಲಾರಂ ಸಿಗ್ನಲ್ ಬಂದಿದ್ದರೆ ಟಿಎಂಔಟ್. ಇನ್ನೊಂದು ಆಜ್ಞೆಯ ಮರಿ ವಿಫಲವಾಗಿ ಮರಳಿದ ಬೆನ್ನಿಗೇ ಶೆಲ್ ತಾನೂ ಹೊರಟಿದ್ದರೆ ‘ಸೆಟ್ ಮೈನಸ್ ಇ’. ಏನೂ ಹೇಳದೆ 9ನೇ ಸಿಗ್ನಲ್‌ಗೆ ಸತ್ತಿದ್ದರೆ ಕರ್ನೆಲ್ ಲಾಗ್ ನೋಡಬೇಕು. ಮೆಮೊರಿ ಸಾಲದೆ ಕರ್ನೆಲ್ ತಾನೇ ಕೊಂದಿರಬಹುದು. ಏನೂ ಆಗದೆ ಶೆಲ್ ಇನ್ನೂ ಬದುಕಿಯೇ ಇದ್ದು, ಬಳಕೆದಾರ ಮಾತ್ರ ಹೊರಬಿದ್ದಿದ್ದರೆ, ಅದೇ ನ್ಯಾಟ್‌ನ ಗುರುತು.

ಅಷ್ಟು ಕಾದು ಕೂರದೆ ಪುಸ್ತಕವೇ ಕಾರಣ ಹೇಳುವಂತೆ ಮಾಡಬಹುದಿತ್ತಲ್ಲ ಎಂದರೆ, ಅಂಥ ಯತ್ನವೂ ನಡೆದಿದೆ. ಸಿಸ್ಟಂ ಫೈವ್ ಯುನಿಕ್ಸ್ ಕಾಲಕ್ಕೆ ಹಾಜರಿ ಪುಸ್ತಕದ ಸಾಲು ಉದ್ದವಾಗಿ, ಪ್ರೊಸೆಸ್ ಯಾವ ಸಿಗ್ನಲ್‌ಗೆ ಸತ್ತಿತು, ಯಾವ ಸಂಖ್ಯೆಯೊಂದಿಗೆ ಹೊರಬಂತು ಎಂದು ಬರೆಯಲು ಎರಡು ಅಂಕಣ ಸೇರಿದವು. ಲಿನಕ್ಸ್ ಆ ಅಂಕಣಗಳನ್ನು ಹಾಗೇ ಉಳಿಸಿಕೊಂಡಿತು. ಲಿನಕ್ಸ್‌ನ ಇನಿಟ್ ಇದನ್ನು ಬಳಸುವುದಿಲ್ಲ ಎಂದು ಅದರ ಪಕ್ಕದಲ್ಲೇ ಕೈಪಿಡಿ ಹೇಳುತ್ತದೆ.

ಈಗ ಆ ಫೈಲಿಗೇ ಕೊನೆಗಾಲ. ಅದರಲ್ಲಿ ಸಮಯ ಬರೆಯುವ 32 ಬಿಟ್‌ನ ಜಾಗ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಹಾಗಾಗಿ ಲಿನಕ್ಸ್ ವಿತರಣೆಗಳು ಡಬ್ಲ್ಯುಟಿಎಂಪಿಡಿಬಿ ಎಂಬ ಹೊಸ ದಾಖಲೆಗೆ ಒಂದೊಂದಾಗಿ ಬದಲಾಗುತ್ತಿವೆ. ಇದು ಪುಟ್ಟ ಎಸ್‌ಕ್ಯೂಲೈಟ್ ಡೇಟಾಬೇಸ್. ಎಷ್ಟು ಬೇಕಾದರೂ ಅಂಕಣ ಸೇರಿಸಬಹುದು. ಬಳಕೆದಾರ, ಒಳಬಂದ ಸಮಯ, ಹೊರಹೋದ ಸಮಯ, ಟರ್ಮಿನಲ್, ಎಲ್ಲಿಂದ ಬಂದರು, ಯಾವ ಸೇವೆಯ ಮೂಲಕ ಬಂದರು ಎಂಬುದಕ್ಕೆಲ್ಲ ಅದರಲ್ಲಿ ಅಂಕಣಗಳಿವೆ. ಯಾಕೆ ಹೋದರು ಎಂಬುದಕ್ಕೆ ಇಲ್ಲ.